ಬ್ರೇಕ್ ಹಿಡಿಯುವ ಜಾಗ

ಕಾಲೇಜಿನ ವಾರ್ಷಿಕೋತ್ಸವಕ್ಕೆ ಒಬ್ಬ ಭಾಷಣಕಾರನನ್ನು ಕರೆಸಿದ್ದರು. ಮಕ್ಕಳಿಗೆ ಪ್ರೇರಣೆ ಕೊಡುವುದೇ ಆತನ ವೃತ್ತಿ. ಗಂಟೆಗಿಷ್ಟು ಅಂತ ರೇಟು, ಓಡಾಟದ ಖರ್ಚು ಬೇರೆ. ಪರದೆಯ ಮೇಲೆ ಲೂಯಿಸ್ ಹ್ಯಾಮಿಲ್ಟನ್ ಚಿತ್ರ ಬಿತ್ತು. ‘ನೋಡಿ ಮಕ್ಕಳೇ, ಈತ ಕಪ್ಪು ಹುಡುಗ, ಬಡವರ ಮನೆಯವನು. ಇಂಗ್ಲೆಂಡಿನಲ್ಲಿ ಹುಟ್ಟಿ ಏಳು ಸಲ ಫಾರ್ಮುಲಾ ಒನ್ ಚಾಂಪಿಯನ್ ಆದ. ಯಾರ ಹತ್ತಿರವೂ ಮೀಸಲಾತಿ ಕೇಳಲಿಲ್ಲ. ಪ್ರತಿಭೆ ಇದ್ದವನಿಗೆ ಮೀಸಲಾತಿ ಯಾಕೆ?’ ಮುಂದಿನ ಸಾಲಿನಲ್ಲಿ ಚಪ್ಪಾಳೆ ಎದ್ದಿತು. ವೇದಿಕೆಯ ಮೂರನೇ ಕುರ್ಚಿಯಲ್ಲಿ ಕೂತಿದ್ದ ನಾನೂ ತಟ್ಟಿದೆ.

ಹೌದು, ತಟ್ಟಿದೆ. ಮೀಸಲಾತಿಯ ಅನ್ನ ಉಂಡ ಕೈಗಳಿಂದಲೇ ತಟ್ಟಿದೆ.

ಅವತ್ತು ರಾತ್ರಿಯಿಂದ ಈ ಅಂಗೈ ಉರಿಯುತ್ತಿದೆ. ಆ ಮಹಾಶಯನ ಮುಖಕ್ಕೆ ಹೇಳಬೇಕಾಗಿದ್ದನ್ನು ಈಗ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ. ಹೇಡಿಗೆ ಕಾಗದವೇ ಗತಿ.

ನನಗೆ ರೇಸಿನ ಗಾಳಿ ಸೋಕಿಸಿದವನು ಮಗ. ಹನ್ನೆರಡು ವರ್ಷ. ಭಾನುವಾರ ಸಂಜೆ ಅವನ ಪಕ್ಕ ಕೂತು ನೋಡುತ್ತಾ ನೋಡುತ್ತಾ ಹ್ಯಾಮಿಲ್ಟನ್ ಬಾಲ್ಯವನ್ನು ಕೆದಕಿಕೊಂಡು ಹೋದೆ. ಭಾಷಣಕಾರ ನುಂಗಿಹಾಕಿದ್ದೆಲ್ಲ ಅಲ್ಲಿ ಬಿದ್ದಿತ್ತು.

1985ರ ಜನವರಿ 7ರಂದು ಸ್ಟೀವನೇಜ್ ಎಂಬ ಊರಿನಲ್ಲಿ ಹುಟ್ಟಿದವನು. ಅಪ್ಪ ಆಂಟನಿಯ ತಂದೆ ಗ್ರೆನಡಾ ದ್ವೀಪದಿಂದ ಹೊಟ್ಟೆಪಾಡಿಗೆ ಬಂದು ಲಂಡನ್ನಿನ ಸುರಂಗ ರೈಲಿನಲ್ಲಿ ದುಡಿದವನು. ಆಂಟನಿ ಹೊಟ್ಟೆಗಿಲ್ಲದವನಲ್ಲ, ಸುಳ್ಳು ಹೇಳಬಾರದು. ಕಂಪ್ಯೂಟರ್ ಕೆಲಸ ಇತ್ತು. ಆದರೆ ಆ ಸಂಬಳ ಒಂದು ಮನೆ ಸಾಕುತ್ತಿತ್ತು, ಒಂದು ರೇಸಿನ ಬಂಡಿಯನ್ನಲ್ಲ. ಮಗನಿಗೆ ಎಂಟು ತುಂಬುವ ಹೊತ್ತಿಗೆ ಕಾರ್ಟ್ ಎಂಬ ಹಳೇ ಪುಟ್ಟ ರೇಸ್ ಬಂಡಿಯೊಂದನ್ನು ತಂದುಕೊಟ್ಟ. ಅದನ್ನು ಓಡಿಸಲು ಟೈರು ಬೇಕು, ಇಂಜಿನ್ ಬೇಕು, ವಾರವಾರ ಊರೂರಿಗೆ ಒಯ್ಯಬೇಕು. ಕೆಲಸದ ಮೇಲೆ ಕೆಲಸ ಹಿಡಿದ. ಕಿಟಕಿ ಗಾಜು ಮಾರಿದ, ಪಾತ್ರೆ ತೊಳೆದ, ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ನೆಟ್ಟ. ಒಂದು ಕಾಲಕ್ಕೆ ನಾಲ್ಕು ಕೆಲಸ.

ಅಪ್ಪ ತೊಳೆದ ಆ ಎಂಜಲು ತಟ್ಟೆಗಳು ಪರದೆಯ ಮೇಲೆ ಬರಲಿಲ್ಲ. ಬಂದದ್ದು ಬರೀ ಪ್ರತಿಭೆ.

ಹಾಡ್ಸ್‌ಡನ್ ಬಳಿ ರೈ ಹೌಸ್ ಎಂಬ ಕಾರ್ಟ್ ಟ್ರ್ಯಾಕು. ಅಲ್ಲಿ ಆಂಟನಿ ಮಾಡುತ್ತಿದ್ದ ಒಂದು ಕೆಲಸ ನನ್ನ ತಲೆಯಿಂದ ಇಳಿಯುತ್ತಿಲ್ಲ. ತಿರುವಿನ ಹತ್ತಿರ ಹೋಗಿ ನಿಲ್ಲುತ್ತಿದ್ದನಂತೆ. ಎಲ್ಲರಿಗಿಂತ ಚೆನ್ನಾಗಿ ಓಡಿಸುವ ಹುಡುಗ ಎಲ್ಲಿ ಬ್ರೇಕ್ ಹಿಡಿಯುತ್ತಾನೆ ಅಂತ ನೋಡುವುದು. ಆಮೇಲೆ ಅಲ್ಲಿಂದ ಇನ್ನಷ್ಟು ಮುಂದೆ, ತಿರುವಿನ ಬಾಯಿಯ ಹತ್ತಿರ ನಿಂತು, ನೀನು ಇಲ್ಲಿ ಹಿಡಿಯಬೇಕು ಅಂತ ಮಗನಿಗೆ ತೋರಿಸುವುದು. ಹುಡುಗ ಮೊದಮೊದಲು ಜಾರಿಕೊಂಡು ಹೋಗಿ ಹುಲ್ಲಿಗೆ ಬೀಳುತ್ತಿದ್ದ. ಎದ್ದು ಬಂದು ಮತ್ತೆ ಅಲ್ಲೇ ಹಿಡಿಯುತ್ತಿದ್ದ. ಎಲ್ಲರೂ ಹೆದರಿ ಬ್ರೇಕ್ ಒತ್ತಿದ ಮೇಲೂ ಒತ್ತದೆ ನುಗ್ಗುವ ಹ್ಯಾಮಿಲ್ಟನ್ ಅಂತ ಜಗತ್ತು ಹಾಡಿ ಹೊಗಳುತ್ತದಲ್ಲ, ಅದು ಆ ತಿರುವಿನಲ್ಲಿ ನಿಂತ ಅಪ್ಪ.

ನನ್ನಪ್ಪನೂ ಒಂದು ತಿರುವಿನಲ್ಲಿ ನಿಂತಿದ್ದ.

ಎಂಟನೇ ಕ್ಲಾಸಿಗೆ ಹೈಸ್ಕೂಲು ಆರು ಮೈಲಿ. ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ ಅಪ್ಪ ಯಾರೋ ಬಿಟ್ಟ ಹಳೇ ಅಟ್ಲಾಸ್ ಸೈಕಲ್ಲನ್ನು ಇನ್ನೂರೈವತ್ತು ರೂಪಾಯಿಗೆ ತಂದ. ಸೀಟು ಹರಿದು ಸ್ಪ್ರಿಂಗ್ ಚುಚ್ಚುತ್ತಿತ್ತು. ಅವ್ವ ಗೋಣಿತಾಟು ಮಡಿಸಿ ಕಟ್ಟಿದಳು. ನಮ್ಮ ಕೇರಿಯಿಂದ ದೊಡ್ಡ ರಸ್ತೆಗೆ ಹೋಗಬೇಕಾದರೆ ಊರೊಳಗಿನ ಬೀದಿ ದಾಟಬೇಕು. ಆ ಬೀದಿಯಲ್ಲಿ ನಮ್ಮವರು ಸೈಕಲ್ ತುಳಿಯುವಂತಿಲ್ಲ. ಇಳಿದು, ತಳ್ಳಿಕೊಂಡು, ತಲೆ ತಗ್ಗಿಸಿ ನಡೆದು, ಆಚೆ ಹೋದ ಮೇಲೆ ಹತ್ತಿಕೊಳ್ಳಬೇಕು. ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿದ್ದರೆ ಹರಿದು ಹಾಕಬಹುದಿತ್ತು.

ಅರಳಿಕಟ್ಟೆಯಿಂದಾಚೆ ಬೀದಿ ಇಳಿಜಾರು. ನಾಲ್ಕನೇ ದಿನವೋ ಐದನೇ ದಿನವೋ, ಪೆಡಲ್ಲಿನಿಂದ ಕಾಲು ತೆಗೆದು ಸೈಕಲ್ಲನ್ನು ಹಾಗೇ ಬಿಟ್ಟೆ. ಗಾಳಿ ಅಂಗಿಯೊಳಗೆ ನುಗ್ಗಿ ಬೆನ್ನ ಹಿಂದೆ ಉಬ್ಬಿತು. ಎಷ್ಟು ದೂರ? ಮೂವತ್ತು ಮಾರು ಇದ್ದೀತು. ನನ್ನ ಇಡೀ ಬಾಲ್ಯದಲ್ಲಿ ವೇಗ ಅಂತ ಇದ್ದದ್ದು ಆ ಮೂವತ್ತು ಮಾರು. ‘ಯಾರ ಬೀದಿ ಅನ್ಕಂಡಿದ್ದೀಯ್ಲಾ? ನೆಲಕ್ಕೆ ಕಾಲು ತಾಗಕಿಲ್ವಾ ನಿಂಗೆ?’ ಕಪಾಳಕ್ಕೆ ಬಿದ್ದ ಏಟಿಗೆ ಸೈಕಲ್ಲು ಒಂದು ಕಡೆ, ನಾನೊಂದು ಕಡೆ. ಎರಡೂ ಚಕ್ರದ ಗಾಳಿ ಬಿಟ್ಟರು. ವಾಲ್‌ಟ್ಯೂಬ್ ಕಿತ್ತು ಚರಂಡಿಗೆ ಎಸೆದರು.

ಸಂಜೆ ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು ಹೊಡೆದವರ ಜಗಲಿಯ ಕೆಳಗೆ ನಿಂತ. ‘ತಪ್ಪಾಯ್ತು ಬುದ್ದಿ. ಹುಡ್ಗುಮುಂಡೇದು, ತಿಳೀದೆ ಮಾಡ್ಬುಡ್ತು. ನಾಳಿಕ್ಕಿಂದ ನಾನೇ ನಿಂತು ಇಳುಸ್ತೀನಿ.’ ಮಾತಿಗೆ ತಪ್ಪಲಿಲ್ಲ. ಒಂದು ವಾರ ಗೂಡಿಗೆ ತಡವಾಗಿ ಹೋಗಿ ಬೈಸಿಕೊಂಡರೂ ಅರಳಿಕಟ್ಟೆಗಿಂತ ಹತ್ತು ಹೆಜ್ಜೆ ಹಿಂದೆ ನಿಂತಿರುತ್ತಿದ್ದ. ನನ್ನ ಸೈಕಲ್ಲು ಕಂಡ ಕೂಡಲೇ ಕೈ ಅಡ್ಡ ಮಾಡುತ್ತಿದ್ದ. ‘ಇಲ್ಲೇ. ಇಲ್ಲೇ ಇಳ್ಕೊ ಮಗಾ.’

ಒಬ್ಬ ಅಪ್ಪ ಎಲ್ಲರಿಗಿಂತ ತಡವಾಗಿ ಬ್ರೇಕ್ ಹಿಡಿ ಎಂದ. ಇನ್ನೊಬ್ಬ ಎಲ್ಲರಿಗಿಂತ ಮೊದಲೇ ಹಿಡಿ ಎಂದ. ಇಬ್ಬರಿಗೂ ಇದ್ದದ್ದು ಮಗನ ಮೇಲಿನ ಪ್ರೀತಿಯೇ. ಈಗ ಹೇಳಿ ಭಾಷಣಕಾರರೇ, ಪ್ರತಿಭೆಯನ್ನು ಯಾವ ಗಜಕಡ್ಡಿಯಲ್ಲಿ ಅಳೆಯುತ್ತೀರಿ?

ಅಲ್ಲಿ ಹ್ಯಾಮಿಲ್ಟನ್ ಕಪಾಳಕ್ಕೆ ಬೀಳಲಿಲ್ಲ ಅಂದುಕೊಳ್ಳಬೇಡಿ. ರೇಸಿನ ಜಗತ್ತಿನಲ್ಲಿ ಆ ಮನೆಯವರದ್ದೊಂದೇ ಕಪ್ಪು ಮುಖ. ಶಾಲೆಯಲ್ಲಿ ಹುಡುಗರು ಬಾಳೆಹಣ್ಣು ಎಸೆಯುತ್ತಿದ್ದರು. ಹೊಡೆತ ತಡೆಯಲು ಐದನೇ ವಯಸ್ಸಿಗೇ ಕರಾಟೆ ಕಲಿತ. ಮನೆಗೆ ಬಂದು ಅಪ್ಪನಿಗೆ ಹೇಳುತ್ತಿರಲಿಲ್ಲ, ಮಗ ಗಟ್ಟಿಗನಲ್ಲ ಅಂದುಕೊಂಡಾನು ಎಂಬ ಹೆದರಿಕೆ. ಶಾಲೆಯ ಈ ಕತೆಯನ್ನು ಅವನು ಬಿಡಿಸಿ ಹೇಳಿದ್ದು 2023ರಲ್ಲಿ, ಮೂವತ್ತೆಂಟು ತುಂಬಿದ ಮೇಲೆ. ಆಗ ಇನ್ನೊಂದು ಮಾತು ಹೇಳಿದ: ಶಾಲೆಯಲ್ಲಿ ತನ್ನನ್ನು ‘ಹಾಫ್ ಕಾಸ್ಟ್’ ಅಂತಲೂ ಕರೆಯುತ್ತಿದ್ದರು. ತಾಯಿ ಬಿಳಿಯಳು, ತಂದೆ ಕರಿಯ, ಅದಕ್ಕೆ ಅರ್ಧ ಜಾತಿ. ಅದನ್ನು ಕೇಳಿ ನಾನು ಮೊಬೈಲನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪೋರ್ಚುಗೀಸರು ನಮ್ಮ ಕೊಳೆಗೆ ಅಂಟಿಸಿದ ಹೆಸರು ಸಮುದ್ರ ದಾಟಿ ಹೋಗಿ ಸ್ಟೀವನೇಜಿನ ಹುಡುಗನ ಮೈಗೆ ಅಂಟಿಕೊಂಡಿದೆ.

ಅವನಿಗೆ ಅರ್ಧ. ನಮಗೆ ಪೂರ್ತಿ ಸಿಕ್ಕಿತ್ತು.

ಇನ್ನು ಮೀಸಲಾತಿ ಕೇಳದ ವಿಷಯ. 1995ರಲ್ಲಿ, ಹತ್ತು ವರ್ಷಕ್ಕೆ, ಬ್ರಿಟನ್ನಿನ ಕ್ಯಾಡೆಟ್ ಕಾರ್ಟ್ ಚಾಂಪಿಯನ್ ಆದ. ಅದೇ ಡಿಸೆಂಬರಿನಲ್ಲಿ ಪ್ರಶಸ್ತಿ ಸಮಾರಂಭ. ತೊಟ್ಟುಕೊಂಡು ಹೋಗಲು ಸೂಟು ಇಲ್ಲ. ಹಿಂದಿನ ಸಲ ಗೆದ್ದ ಹುಡುಗನ ಸೂಟು ಕೇಳಿ ತಂದರು. ಆ ಎರವಲು ಬಟ್ಟೆಯಲ್ಲಿ ನಡೆದುಹೋಗಿ ಮೆಕ್ಲಾರೆನ್ ತಂಡದ ಯಜಮಾನ ರಾನ್ ಡೆನ್ನಿಸ್ ಮುಂದೆ ನಿಂತು, ಮುಂದೊಂದು ದಿನ ನಿಮ್ಮ ಕಾರು ಓಡಿಸುತ್ತೇನೆ ಎಂದ. ಒಂಬತ್ತು ವರ್ಷ ಬಿಟ್ಟು ಫೋನ್ ಮಾಡು ಅಂತ ಬರೆದುಕೊಟ್ಟ ಡೆನ್ನಿಸ್ ಮೂರೇ ವರ್ಷಕ್ಕೆ ತಾನೇ ಕರೆದ. 1998ರಲ್ಲಿ, ಹದಿಮೂರನೇ ವಯಸ್ಸಿಗೆ, ಮೆಕ್ಲಾರೆನ್ ಮತ್ತು ಮರ್ಸಿಡಿಸ್ ಕಂಪನಿಗಳು ಹುಡುಗನ ಖರ್ಚು ಹೊತ್ತವು. ಅಪ್ಪನ ಬೆನ್ನು ಅವತ್ತು ನೆಟ್ಟಗಾಗಿರಬೇಕು.

ಇದನ್ನು ಏನೆಂದು ಕರೆಯುತ್ತೀರಿ? ಮುಂದಿರುವವರ ಸಾಲನ್ನು ಸ್ವಲ್ಪ ಸರಿಸಿ, ಹಿಂದೆ ಉಳಿದವನಿಗೆ ಒಂದು ಜಾಗ ಮಾಡಿಕೊಡುವುದಕ್ಕೆ ನಮ್ಮ ಸಂವಿಧಾನದಲ್ಲಿ ಒಂದು ಹೆಸರಿದೆ. ಆ ಹೆಸರು ಕೇಳಿದರೆ ನಿಮಗೆ ಹೊಟ್ಟೆ ತೊಳೆಸುತ್ತದೆ. ವಿದೇಶದ ಕಂಪನಿ ಕೊಟ್ಟರೆ ಪ್ರೋತ್ಸಾಹ, ಸರಕಾರ ಕೊಟ್ಟರೆ ಭಿಕ್ಷೆ!

ಆಮೇಲಿನದನ್ನು ಬೇಗ ಮುಗಿಸುತ್ತೇನೆ, ಗೆಲುವಿನ ಪಟ್ಟಿ ಓದುವುದು ಭಾಷಣಕಾರರ ಕಸುಬು. 2003ರಲ್ಲಿ ಬ್ರಿಟಿಷ್ ಫಾರ್ಮುಲಾ ರೆನೋ. 2004ರ ಫಾರ್ಮುಲಾ ತ್ರೀ ಯೂರೋ ಸರಣಿಯಲ್ಲಿ ಸಪ್ಪೆ, ಒಂದೇ ಗೆಲುವು. ಮುಂದಿನ ವರ್ಷ ಎಲ್ಲಿ ಓಡಿಸಬೇಕೆಂಬ ವಿಷಯಕ್ಕೆ ಮೆಕ್ಲಾರೆನ್ ಜತೆ ಮನಸ್ತಾಪ. ಬೆನ್ನ ಹಿಂದಿನ ಕೈ ಒಂದು ಸಲ ಅಲುಗಾಡಿದರೆ ದುಡಿಯುವವರ ಮನೆಯ ಹುಡುಗ ಎಂಥ ಪ್ರಪಾತದ ಅಂಚಿನಲ್ಲಿರುತ್ತಾನೆ ಅಂತ ಆ ಚಳಿಗಾಲ ತೋರಿಸಿತು. ಕೈ ಮತ್ತೆ ಬಂತು. 2005ರಲ್ಲಿ ಅದೇ ಸರಣಿಯ 20 ರೇಸಿನಲ್ಲಿ 15 ಗೆದ್ದ. 2006ರಲ್ಲಿ ಅದರ ಮೇಲಿನ ಮೆಟ್ಟಿಲು ಜಿಪಿ2ರ ಚಾಂಪಿಯನ್. ಆ ವರ್ಷದ ಇಸ್ತಾಂಬುಲ್ ರೇಸನ್ನು ಮಗ ನನಗೆ ತೋರಿಸಿದ: ಗಿರಕಿ ಹೊಡೆದು ಹಿಂದಕ್ಕೆ ಬಿದ್ದವನು ಒಬ್ಬೊಬ್ಬರನ್ನೇ ದಾಟಿಕೊಂಡು ಎರಡನೆಯವನಾಗಿ ಬಂದ. 2007ಕ್ಕೆ ಫಾರ್ಮುಲಾ ಒನ್, ಅಲ್ಲಿಯ ಮೊದಲ ಕಪ್ಪು ಚಾಲಕ. 2008ರ ಫೆಬ್ರವರಿ, ಬಾರ್ಸಿಲೋನಾದಲ್ಲಿ ಪರೀಕ್ಷಾ ಓಟ. ಸ್ಪೇನಿನ ಕೆಲವರು ಮುಖಕ್ಕೆ ಮಸಿ ಬಳಿದು, ಗುಂಗುರು ಟೋಪನ್ ಇಟ್ಟು, ನಾವೂ ಹ್ಯಾಮಿಲ್ಟನ್ ಮನೆಯವರು ಅಂತ ಅಂಗಿ ತೊಟ್ಟು ಬಂದು ಕೂತರು. ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಹೋದರೂ ಚರ್ಮ ಹಿಂದೆ ಉಳಿಯುವುದಿಲ್ಲ.

ಅದೇ ಹ್ಯಾಮಿಲ್ಟನ್ 2021ರಲ್ಲಿ ಒಂದು ಸ್ಪ್ಯಾನಿಷ್ ಪತ್ರಿಕೆಗೆ ಹೇಳಿದ್ದನ್ನು ಯಾವ ಪ್ರೇರಣೆಯ ವ್ಯಾಪಾರಿಯೂ ಪರದೆಯ ಮೇಲೆ ಹಾಕುವುದಿಲ್ಲ. ಇದು ಕುಬೇರರ ಹುಡುಗರ ಕ್ಲಬ್ ಆಗಿಹೋಗಿದೆ, ಇವತ್ತು ದುಡಿಯುವವರ ಮನೆಯಿಂದ ಶುರು ಮಾಡಿದರೆ ನಾನು ಇಲ್ಲಿಗೆ ಮುಟ್ಟುವ ಮಾತೇ ಇಲ್ಲ ಎಂದ. ಮೇಲೆ ಹತ್ತಿದವನೇ ಏಣಿ ಮುರಿದುಬಿದ್ದಿದೆ ಅಂತ ಕೂಗಿ ಹೇಳುತ್ತಿದ್ದಾನೆ. ನೀವು ಅವನ ಚಿತ್ರ ತೋರಿಸಿ ‘ನೋಡಿ ಏಣಿ!’ ಎನ್ನುತ್ತೀರಿ.

ಕಾರ್ಟಿನಿಂದ ಫಾರ್ಮುಲಾ ಒನ್‌ವರೆಗೆ ಒಬ್ಬ ಹುಡುಗನನ್ನು ತಲುಪಿಸಲು 70–80 ಲಕ್ಷ ಯೂರೋ ಬೇಕು ಅಂತ ಮರ್ಸಿಡಿಸ್ ತಂಡದ ಮುಖ್ಯಸ್ಥ ಟೊಟೊ ವೋಲ್ಫ್ ಕೆಲವು ವರ್ಷಗಳ ಹಿಂದೆಯೇ ಲೆಕ್ಕ ಕೊಟ್ಟಿದ್ದ. ನಮ್ಮ ರೂಪಾಯಿಯಲ್ಲಿ 60 ಕೋಟಿಗೂ ಮೇಲೆ. ಕೆಳಗಿನ ಮೆಟ್ಟಿಲುಗಳಲ್ಲಿ ಚಾಲಕನಿಗೆ ತಂಡ ಸಂಬಳ ಕೊಡುವುದಿಲ್ಲ, ಚಾಲಕನೇ ತಂಡಕ್ಕೆ ದುಡ್ಡು ತಂದುಕೊಡಬೇಕು. ನಮ್ಮೂರಲ್ಲಿ ಇದಕ್ಕೆ ಪೇಮೆಂಟ್ ಸೀಟು ಅಂತಾರೆ. ಅಪ್ಪನ ಗಂಟಿನಿಂದ ಡಾಕ್ಟರಾದವನು ಮೆರಿಟ್ಟಿನ ಬಗ್ಗೆ ಕಣ್ಣೀರು ಸುರಿಸುವುದನ್ನು ನಾವು ಕಂಡಿಲ್ಲವೇ? ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸೋದರರು ಫಾರ್ಮುಲಾ ಟೂವರೆಗೆ ಹೋದರು. ಒಳ್ಳೆಯ ಚಾಲಕರೇ, ಅವರ ಬೆವರಿಗೆ ನನ್ನ ತಕರಾರಿಲ್ಲ. ಆದರೆ ಅವರು ಉದ್ಯಮಿಗಳ ಮನೆಯ ಹುಡುಗರು. ಇಟ್ಟಿಗೆ ಗೂಡಿನವರ ಮಗ ಅಲ್ಲಿ ಏಕಿಲ್ಲ ಅಂತ ಕೇಳಿದರೆ ಮಾತ್ರ ಜಾತಿವಾದಿ ನಾನು.

ಹೆಣ್ಣುಮಗಳ ಕತೆ ಕೇಳಿ. ಜೇಮಿ ಚಾಡ್ವಿಕ್, ಇವಳೂ ಬ್ರಿಟನ್ನಿನವಳು. ಹೆಣ್ಣುಮಕ್ಕಳಿಗೆಂದೇ ಕಟ್ಟಿದ ಡಬ್ಲ್ಯು ಸೀರೀಸಿನಲ್ಲಿ 2019, 2021, 2022, ಮೂರು ಸಲ ಚಾಂಪಿಯನ್. ಅಲ್ಲಿ ಚಾಲಕಿಯರು ದುಡ್ಡು ಕಟ್ಟಬೇಕಾಗಿರಲಿಲ್ಲ. ಮೂರು ಸಲ ಗೆದ್ದವಳು ಫಾರ್ಮುಲಾ ತ್ರೀಗೋ ಟೂಗೋ ಏರಬೇಕಿತ್ತಲ್ಲ? ಹೋದದ್ದು ಅಮೆರಿಕಕ್ಕೆ, ಅಲ್ಲಿಯ ಕೆಳಗಿನ ಮೆಟ್ಟಿಲಿಗೆ. ಅವಳನ್ನು ಗೆಲ್ಲಿಸಿದ ಸರಣಿಯೇ ದುಡ್ಡಿಲ್ಲದೆ 2022ರಲ್ಲಿ ಕೊನೆಯ ರೇಸುಗಳನ್ನು ಕೈಬಿಟ್ಟಿತು, ಮರುವರ್ಷ ಬಾಗಿಲು ಮುಚ್ಚಿತು. ಪ್ರತಿಭೆ ಇದ್ದರೆ ಸಾಕಂತೆ.

ಫಾರ್ಮುಲಾ ಒನ್ ತಂಡದ ಒಡೆಯರಾಗಿದ್ದ ನಮ್ಮ ವಿಜಯ್ ಮಲ್ಯ 2011ರಲ್ಲಿ ‘ಒನ್ ಫ್ರಮ್ ಎ ಬಿಲಿಯನ್’ ಅಂತ ಡಂಗುರ ಹೊಡೆಸಿ, ನೂರು ಕೋಟಿ ಜನರಲ್ಲಿ ಒಬ್ಬ ರೇಸ್ ಹುಡುಗನನ್ನು ಹುಡುಕಲು ಹೊರಟರು. ಮರುವರ್ಷ ಅವರದೇ ವಿಮಾನ ಕಂಪನಿಯ ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೀದಿಯಲ್ಲಿ ಕೂತಿದ್ದರು. ಅವರ ತಂಡದ ಕಾರು ಮಾತ್ರ ಓಡುತ್ತಲೇ ಇತ್ತು.

ಹ್ಯಾಮಿಲ್ಟನ್ ಬಗ್ಗೆ ಕುರುಡು ಭಕ್ತಿ ನನಗಿಲ್ಲ. ಮೊನಾಕೊದಲ್ಲಿ ಮನೆ ಮಾಡಿದವನು, ಅರಮನೆಯವರ ಕೈಯಲ್ಲಿ ಸರ್ ಅನ್ನಿಸಿಕೊಂಡವನು. ಆದರೂ 2020ರಲ್ಲಿ ವರ್ಣಭೇದದ ವಿರುದ್ಧ ಮಂಡಿಯೂರಿ ಕೂತ. ತನ್ನ ಹೆಸರಿನಲ್ಲೇ ಆಯೋಗ ಮಾಡಿಸಿ, ಫಾರ್ಮುಲಾ ಒನ್ನಿನಲ್ಲಿ ದುಡಿಯುವವರಲ್ಲಿ ಕಪ್ಪು ಜನ ಶೇ. 1ರಷ್ಟು ಮಾತ್ರ ಎಂಬ ಲೆಕ್ಕವನ್ನು ಮರುವರ್ಷ ಎಲ್ಲರ ಮುಂದೆ ಎಳೆದು ಹಾಕಿದ. ಅವನು ಮಂಡಿಯೂರಿದ. ನಾನು ಚಪ್ಪಾಳೆ ತಟ್ಟಿದೆ. ಇಬ್ಬರಲ್ಲಿ ಬಂಡಾಯ ಸಾಹಿತಿ ಅಂತ ವಿಸಿಟಿಂಗ್ ಕಾರ್ಡು ಇರುವುದು ನನ್ನ ಹತ್ತಿರ.

ಹೋದ ತಿಂಗಳು ಮಗನನ್ನು ಬೆಂಗಳೂರಿನ ಹೊರಗಿನ ಒಂದು ಕಾರ್ಟ್ ಟ್ರ್ಯಾಕಿಗೆ ಕರೆದುಕೊಂಡು ಹೋದೆ. ಹತ್ತು ನಿಮಿಷಕ್ಕೆ ಕೊಟ್ಟ ದುಡ್ಡಿನಲ್ಲಿ ಅಪ್ಪನ ಅಟ್ಲಾಸ್ ಸೈಕಲ್ಲನ್ನು ಮೂರು ಸಲ ಕೊಳ್ಳಬಹುದಿತ್ತು. ತಲೆಗೆ ದೊಡ್ಡದಾದ, ಇನ್ನೊಬ್ಬರ ಬೆವರು ನಾರುವ ಹೆಲ್ಮೆಟ್ಟು ಹಾಕಿಕೊಂಡು ಮಗ ಹೊರಟ. ಎರಡನೇ ಸುತ್ತಿಗೆ ಎದುರಿನ ತಿರುವಿಗೆ ಜೋರಾಗಿ ಬಂದ, ಟೈರಿನ ಗೋಡೆ ಹತ್ತಿರ ಹತ್ತಿರ ಆಗುತ್ತಿದೆ, ಇವನು ಬ್ರೇಕ್ ಒತ್ತುತ್ತಿಲ್ಲ. ನನ್ನ ಕೈ ತಾನಾಗಿಯೇ ಅಡ್ಡ ಚಾಚಿತು. ‘ಇಲ್ಲೇ! ಇಲ್ಲೇ ಇಳ್ಕೊಳೋ!’ ಅಂತ ಕಿರುಚಿಬಿಟ್ಟೆ. ಕಾರ್ಟಿನಿಂದ ಇಳಿಯುವುದೆಲ್ಲಿಗೆ?

ಬೇಲಿಯ ಬಳಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಪಕ್ಕದವರ ಕೈಯಲ್ಲಿ ಟೈರಿನ ಗಾಳಿ ಅಳೆಯುವ ಮೀಟರಿತ್ತು. ಅವರ ಮಗನಿಗೆ ಸ್ವಂತ ಕಾರ್ಟು, ಸ್ವಂತ ಮೆಕ್ಯಾನಿಕ್ಕು. ಒಳ್ಳೆಯ ಮನುಷ್ಯ, ನಗುತ್ತಲೇ ಮಾತಾಡಿಸಿದರು. ‘ಫಸ್ಟ್ ಟೈಮಾ ಸರ್? ಚೆನ್ನಾಗ್ ಓಡಿಸ್ತಾನೆ ಹುಡುಗ. ಯಾವೂರಾಯ್ತು ತಾವು?’ ಹೇಳಿದೆ. ‘ಓ, ಆ ಕಡೇನಾ? ನಮ್ ಬೀಗರೂ ಅಲ್ಲೇ.’ ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳಿದರು.

‘ಅಂದ್ರೆ... ತಪ್ಪು ತಿಳ್ಕೋಬೇಡಿ ಸರ್, ನೀವು ಯಾವ ಜನ?’

ಅಷ್ಟರಲ್ಲಿ ಮಗ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಓಡಿಬಂದ. ಮುಖವೆಲ್ಲ ಬೆವರು, ಕಣ್ಣು ಮಿಣಮಿಣ. ‘ಅಪ್ಪಾ, ಇನ್ನೊಂದೇ ಒಂದು ರೌಂಡು.’