ಅಳುವುದಕ್ಕೂ ಅಪ್ಪಣೆಯೇ?



ಈ ಸಲದ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ನಮ್ಮ ಕಾಲೇಜು ಹುಡುಗ ಹುಡುಗಿಯರ ವಾದ್ಯತಂಡಕ್ಕೆ ಕೊಟ್ಟಿದ್ದ ಹದಿನೈದು ನಿಮಿಷಗಳನ್ನು ಕಾರ್ಯಕಾರಿ ಸಮಿತಿ ರದ್ದುಪಡಿಸಿದೆ. ಕಾರಣ ಈಗ ಎಲ್ಲರಿಗೂ ತಿಳಿದಿದೆ. ಮಕ್ಕಳು ಕೊಟ್ಟ ಪಟ್ಟಿಯಲ್ಲಿ ಎರಡು ಭಾವಗೀತೆ, ಒಂದು ಸಿನಿಮಾ ಹಾಡಿನ ಜೊತೆಗೆ ಸೆಕ್ಸ್ ಪಿಸ್ತಲ್ಸ್ ತಂಡದ 'ಗಾಡ್ ಸೇವ್ ದ ಕ್ವೀನ್' ಸೇರಿತ್ತು. (ರಾಜ್ಯೋತ್ಸವಕ್ಕೆ ಇಂಗ್ಲಿಷ್ ಹಾಡೇಕೆ ಎಂದು ಯಾರಾದರೂ ಕೇಳಿದ್ದರೆ ನಾವೂ ಕೈ ಎತ್ತುತ್ತಿದ್ದೆವು. ಅದನ್ನು ಯಾರೂ ಕೇಳಲಿಲ್ಲ.) ಸಭೆಯಲ್ಲಿ ಬಂದ ಆಕ್ಷೇಪಣೆಗಳು ಎರಡೇ. ಒಂದು, ಇದು ತೀರಿಹೋದ ರಾಣಿಗೆ ಮಾಡುವ ಅವಮಾನ. ಇನ್ನೊಂದು, ಇದು ಉಂಡ ಮನೆಗೆ ಎರಡು ಬಗೆಯುವ ಕೆಲಸ. ಎರಡನ್ನೂ ಒಪ್ಪದ ಕೆಲವು ಸದಸ್ಯರು ನಾವು. ಸಂಪಾದಕರು ಜಾಗ ಕೊಟ್ಟಿದ್ದಾರೆ, ಹೇಳುವುದನ್ನು ಹೇಳಿಬಿಡುತ್ತೇವೆ.

ಮೊದಲು ಆ ಹಾಡಿನ ವಿಷಯ. ಅದು ಹೊರಬಂದದ್ದು 1977ರ ಮೇ ತಿಂಗಳಿನಲ್ಲಿ, ಎರಡನೆಯ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷವಾದ ಸಂಭ್ರಮದ ಹೊತ್ತಿನಲ್ಲಿ. ರಾಣಿಗೆ ಆಗ 51 ವರ್ಷ, ಗಟ್ಟಿಮುಟ್ಟಾಗಿದ್ದರು. ಅಂದರೆ ಇದು ಯಾರ ಹೆಣದ ಮುಂದೆಯೂ ನಿಂತು ಹಾಡಿದ ಹಾಡಲ್ಲ. ಬೀದಿ ಬೀದಿಯಲ್ಲಿ ತೋರಣ ಕಟ್ಟಿದ್ದ ಆ ಬೇಸಿಗೆಯಲ್ಲಿ ಈ ದೇಶದಲ್ಲಿ ಹತ್ತು ಲಕ್ಷಕ್ಕೂ ಮೀರಿ ನಿರುದ್ಯೋಗಿಗಳಿದ್ದರು. ಶಾಲೆ ಬಿಟ್ಟ ಹುಡುಗರಿಗೆ ಮುಂದೇನು ಎಂಬುದೇ ಗೊತ್ತಿರಲಿಲ್ಲ. ಅಂಥ ಹುಡುಗರು, ಬಾಯಿಗೆ ಬಂದ ಒರಟು ಮಾತಿನಲ್ಲಿ, ಈ ತೋರಣ ಯಾರಿಗಾಗಿ ಎಂದು ಕೇಳಿದರು. ಬಿಬಿಸಿ ಹಾಡನ್ನು ನಿಷೇಧಿಸಿತು. ಖಾಸಗಿ ರೇಡಿಯೋಗಳೂ ಬಾಗಿಲು ಹಾಕಿಕೊಂಡವು. ದೊಡ್ಡ ಅಂಗಡಿಗಳು ತಟ್ಟೆಯನ್ನು ಮಾರಲು ಒಪ್ಪಲಿಲ್ಲ. ಆದರೂ ಅದು ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಜೂನ್ 7ರಂದು ಥೇಮ್ಸ್ ನದಿಯಲ್ಲಿ ದೋಣಿಯ ಮೇಲೆ ನಿಂತು ಹಾಡಿದಾಗ ಪೊಲೀಸರು ದೋಣಿಯನ್ನು ದಡಕ್ಕೆ ತರಿಸಿ ಕೆಲವರನ್ನು ಎಳೆದುಕೊಂಡು ಹೋದರು. ಅದೇ ತಿಂಗಳು ಉತ್ತರ ಲಂಡನ್ನಿನ ಒಂದು ಪಬ್ಬಿನ ಹೊರಗೆ ಹಾಡುಗಾರ ಜಾನ್ ಲೈಡನ್‌ರ ಮೇಲೆ ಒಂದು ಗುಂಪು ಬಿದ್ದು ಕತ್ತಿಯಿಂದ ಕೈ ಕೊಯ್ದಿತು. ಹಾಡಿನಿಂದ ಯಾರ ಮೈಮೇಲೂ ಒಂದು ಗೀರು ಬಿದ್ದದ್ದಿಲ್ಲ. ಹಾಡಿದವನ ಕೈ ಮಾತ್ರ ಸೀಳಿತು. ಅವಮಾನ, ಮರ್ಯಾದೆ ಎಂದು ಮಾತನಾಡುವವರು ಈ ಲೆಕ್ಕವನ್ನೂ ಒಮ್ಮೆ ನೋಡಬೇಕು.

ಅದೇ ಲೈಡನ್ 2022ರ ಸೆಪ್ಟೆಂಬರಿನಲ್ಲಿ ರಾಣಿ ತೀರಿಕೊಂಡಾಗ ಏನು ಮಾಡಿದರು? ಆಕೆಗೆ ಶಾಂತಿ ಕೋರಿದರು. ಆ ಸಾವನ್ನು ಹಣ ಮಾಡಿಕೊಳ್ಳಲು ಬಳಸುವ ಯಾವ ಕೆಲಸಕ್ಕೂ ತಾನು ಸೇರಿದವನಲ್ಲ ಎಂದು ಬಹಿರಂಗವಾಗಿ ಹೇಳಿಕೆ ಕೊಟ್ಟರು. ಸಿಂಹಾಸನವನ್ನು ಬೈದವನಿಗೆ ಅದರ ಮೇಲೆ ಕುಳಿತ ಮುದುಕಿಯ ಬಗ್ಗೆ ಮರುಕ ಇರಲು ಸಾಧ್ಯ ಎಂಬುದು ನಮ್ಮ ಸಮಿತಿಗೆ ಹೊಳೆಯದೇ ಹೋಯಿತಲ್ಲ, ಅದೇ ಆಶ್ಚರ್ಯ.

ಇನ್ನೊಂದು ಸಂಗತಿ. ಲೈಡನ್ ಐರ್ಲೆಂಡಿನಿಂದ ಬಂದ ಕೂಲಿ ಕುಟುಂಬದ ಮಗ. ಅವರು 1994ರಲ್ಲಿ ಬರೆದ ಆತ್ಮಕಥೆಯ ಹೆಸರಿನಲ್ಲಿ ಐರಿಷರಿಗೆ, ಕರಿಯರಿಗೆ, ನಾಯಿಗಳಿಗೆ ಪ್ರವೇಶವಿಲ್ಲ ಎಂಬ ಮಾತಿದೆ. ಆ ಕಾಲದ ಬಾಡಿಗೆ ಮನೆಗಳ ಫಲಕದ ನೆನಪು ಅದು. ನಮ್ಮ ಹಿರಿಯರಲ್ಲಿ ಮೊದಲು ಬಂದವರಿಗೆ ಅಂಥ ಮನೆಗಳ ಬಾಗಿಲು ಗೊತ್ತು. 1986ರಲ್ಲಿ ರಾಣಿ ಸತ್ತಳು ಎಂಬ ಅರ್ಥದ ಹೆಸರನ್ನೇ ಇಟ್ಟು ಧ್ವನಿತಟ್ಟೆ ತಂದ ಸ್ಮಿತ್ಸ್ ತಂಡದ ಮಾರಿಸ್ಸಿ, ಜಾನಿ ಮಾರ್ ಇಬ್ಬರೂ ಐರ್ಲೆಂಡಿನಿಂದ ಮ್ಯಾಂಚೆಸ್ಟರಿಗೆ ಬಂದವರ ಮಕ್ಕಳೇ. ಈ ನಾಡಿನ ಅರಮನೆಯನ್ನು ಅತ್ಯಂತ ಗಟ್ಟಿಯಾಗಿ ಪ್ರಶ್ನಿಸಿದ ಕಂಠಗಳಲ್ಲಿ ವಲಸೆ ಬಂದವರ ಮಕ್ಕಳ ಕಂಠಗಳೂ ಇವೆ. ಹಾಗಿರುವಾಗ 'ಬಂದವರು ನಾವು, ತಲೆ ತಗ್ಗಿಸಿಕೊಂಡಿರಬೇಕು' ಎಂಬ ನೀತಿಪಾಠ ಯಾರು ಯಾರಿಗೆ ಹೇಳುವುದು?

ಹಾಗೆಂದು ಬಾಯಿ ಜೋರಿರುವವರೆಲ್ಲ ಸಾಚಾ ಎಂದು ನಾವು ಹೇಳುತ್ತಿಲ್ಲ. ಇದೇ ಮಾರಿಸ್ಸಿ 2019ರಲ್ಲಿ ವಲಸಿಗರನ್ನು ಕಂಡರಾಗದ ಪಕ್ಷವೊಂದರ ಬಿಲ್ಲೆಯನ್ನು ಕೋಟಿಗೆ ಸಿಕ್ಕಿಸಿಕೊಂಡು ವೇದಿಕೆಗೆ ಬಂದರು. ಆತನ ಅಪ್ಪ ಅಮ್ಮ ಬಂದ ದಾರಿಯನ್ನು ಆತನೇ ಮರೆತದ್ದು ನಮಗೆ ನೋವಿನ ವಿಷಯ. ಅದಕ್ಕಾಗಿ ಆತನನ್ನು ಟೀಕಿಸೋಣ, ಧಾರಾಳವಾಗಿ. ಆದರೆ ಆ ಟೀಕೆಗೂ ಬಾಯಿ ಬೇಕಲ್ಲವೇ? ಬಾಯಿ ಮುಚ್ಚಿಸುವ ಅಭ್ಯಾಸ ಒಮ್ಮೆ ಬಂದರೆ ಅದು ಎಲ್ಲಿ ನಿಲ್ಲುತ್ತದೆ ಎಂದು ಯಾರೂ ಹೇಳಲಾರರು.

ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ 1997ರ ಆ ಒಂದು ವಾರ ಸಾಕ್ಷಿ. ಆಗಸ್ಟ್ 31ರಂದು ಪ್ಯಾರಿಸ್ಸಿನಲ್ಲಿ ಡಯಾನಾ ಸತ್ತಳು. 36 ವರ್ಷದ ತಾಯಿ ಎರಡು ಮಕ್ಕಳನ್ನು ಬಿಟ್ಟು ಹೋದದ್ದು ಯಾರಿಗೆ ತಾನೇ ನೋವಲ್ಲ? ಕೆನ್ಸಿಂಗ್ಟನ್ ಅರಮನೆಯ ಮುಂದೆ ಹೂವಿನ ರಾಶಿ ಬಿದ್ದಿತು. ಎಲ್ಟನ್ ಜಾನ್ 1973ರಲ್ಲಿ ಮರ್ಲಿನ್ ಮನ್ರೋ ಮೇಲೆ ಮಾಡಿದ್ದ ಹಾಡಿಗೆ ಹೊಸ ಮಾತುಗಳನ್ನು ಹಾಕಿ ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ಹಾಡಿದರು. ಆ ತಟ್ಟೆ ಜಗತ್ತಿನಲ್ಲಿ ಮೂರು ಕೋಟಿಗೂ ಮೀರಿ ಮಾರಾಟವಾಯಿತು. ಇಷ್ಟೇ ಆಗಿದ್ದರೆ ನಮ್ಮ ತಕರಾರೇನೂ ಇಲ್ಲ.

ಆದರೆ ರಾಣಿ ಆಗ ಬಾಲ್ಮೋರಲ್ಲಿನಲ್ಲಿದ್ದರು, ತಾಯಿ ಕಳೆದುಕೊಂಡ ಹದಿನೈದು ಮತ್ತು ಹನ್ನೆರಡು ವರ್ಷದ ಮೊಮ್ಮಕ್ಕಳ ಜೊತೆ. ನಮ್ಮ ಕಡೆ ಯಾವ ಅಜ್ಜಿಯಾದರೂ ಮಾಡುತ್ತಿದ್ದ ಕೆಲಸ ಅದು. ಪತ್ರಿಕೆಗಳಿಗೆ ಅದು ಸಾಲಲಿಲ್ಲ. ರಾಣಿ ಎಲ್ಲಿ, ಬಾವುಟ ಎಲ್ಲಿ, ನಿಮಗೂ ದುಃಖವಿದ್ದರೆ ತೋರಿಸಿ ಎಂದು ಮುಖಪುಟದಲ್ಲಿ ದಪ್ಪಕ್ಷರದ ತಾಕೀತು ಬಂತು. ರಾಣಿ ಇಲ್ಲದಾಗ ಬಕಿಂಗ್‌ಹ್ಯಾಮ್ ಅರಮನೆಯ ಮೇಲೆ ಬಾವುಟ ಇರುವುದೇ ಇಲ್ಲ ಎಂಬ ಹಳೆಯ ಪದ್ಧತಿಯನ್ನು ಮುರಿದು ಅರ್ಧಕ್ಕೆ ಬಾವುಟ ಹಾರಿಸಬೇಕಾಯಿತು. ಸೆಪ್ಟೆಂಬರ್ 5ರಂದು ಆಕೆ ಟಿವಿಯ ಮುಂದೆ ಬಂದು ಮಾತನಾಡಬೇಕಾಯಿತು. ಅದೇ ದಿನ ಕೋಲ್ಕತ್ತದಲ್ಲಿ ಮದರ್ ತೆರೇಸಾ ತೀರಿಕೊಂಡರು, ಇಲ್ಲಿ ಅದನ್ನು ಗಮನಿಸಲು ಯಾರಿಗೂ ಬಿಡುವಿರಲಿಲ್ಲ. ಅರಮನೆಯ ಹೊರಗಿನ ರಾಶಿಯಿಂದ ಒಂದು ಗೊಂಬೆ ಕರಡಿಯನ್ನು ಎತ್ತಿಕೊಂಡ ಇಟಲಿಯ ಪ್ರವಾಸಿಯೊಬ್ಬನಿಗೆ ಒಂದು ವಾರ ಜೈಲು ಎಂದು ತೀರ್ಪಾಯಿತು. ಮೇಲ್ಮನವಿಯಲ್ಲಿ ಅದು ನೂರು ಪೌಂಡ್ ದಂಡಕ್ಕೆ ಇಳಿಯಿತು. ನ್ಯಾಯಾಲಯದಿಂದ ಹೊರಬಂದವನ ಮುಖಕ್ಕೆ ದಾರಿಹೋಕನೊಬ್ಬ ಗುದ್ದಿದ. ಈಗ ಹೇಳಿ, ರಾಣಿಯ ಮರ್ಯಾದೆ ಕಳೆದವರು ಯಾರು? ಇಪ್ಪತ್ತು ವರ್ಷ ಹಿಂದೆ ದೋಣಿಯಲ್ಲಿ ಕಿರುಚಿದ ನಾಲ್ವರು ಹುಡುಗರೋ, ಮುದುಕಿಯೊಬ್ಬಳನ್ನು ಮೊಮ್ಮಕ್ಕಳ ಪಕ್ಕದಿಂದ ಎಬ್ಬಿಸಿ ಬೀದಿಗೆ ಕರೆತಂದು ಅಳು ಎಂದ ರಾಜಭಕ್ತರೋ? ಅಳುವ ಅಪ್ಪಣೆ ಹೊರಟ ಮೇಲೆ ಅದು ರಾಣಿಯನ್ನೂ ಬಿಡಲಿಲ್ಲ.

2022ರಲ್ಲಿ ಮತ್ತೆ ಅದೇ. ಸುಮಾರು ಎರಡೂವರೆ ಲಕ್ಷ ಜನ ರಾತ್ರಿಯೆಲ್ಲ ಸಾಲಿನಲ್ಲಿ ನಿಂತು ರಾಣಿಯ ಶವಪೆಟ್ಟಿಗೆಗೆ ನಮಸ್ಕರಿಸಿ ಹೋದರು. ನಮ್ಮಲ್ಲೂ ಇಬ್ಬರು ಹೋಗಿದ್ದರು. ಅದು ಅವರವರ ಮನಸ್ಸು, ಅದರಲ್ಲಿ ನಗುವಂಥದ್ದೇನೂ ಇಲ್ಲ. ನಗು ಬಂದದ್ದು ಬೇರೆ ಕಡೆ. ಒಂದು ಸೂಪರ್‌ಮಾರ್ಕೆಟ್ ಬಿಲ್ಲಿನ ಯಂತ್ರದ ಸದ್ದನ್ನು ಗೌರವಾರ್ಥ ತಗ್ಗಿಸಿತು. ಒಂದು ರಜಾ ವಿಹಾರದ ಕಂಪನಿ ಅಂತ್ಯಕ್ರಿಯೆಯ ದಿನ ಅತಿಥಿಗಳು ಜಾಗ ಖಾಲಿ ಮಾಡಬೇಕೆಂದು ಹೇಳಿ, ಬೈಗುಳ ತಿಂದು ಮಾತು ಹಿಂತೆಗೆದುಕೊಂಡಿತು. ಪ್ರಾಮ್ಸ್ ಸಂಗೀತೋತ್ಸವದ ಕೊನೆಯ ರಾತ್ರಿಯನ್ನೇ ಕೈಬಿಟ್ಟರು. ಸಾವಿನ ಮನೆಯಲ್ಲಿ ಸಂಗೀತ ಬೇಡವಂತೆ. ಭಜನೆ ಮಾಡಿ ಕಳಿಸುವ ನಾಡಿನಿಂದ ಬಂದ ನಮಗೆ ಇದು ಅರ್ಥವಾಗಲೇ ಇಲ್ಲ. ಅಂತ್ಯಕ್ರಿಯೆಯ ದಿನ ಎಷ್ಟೋ ಆಸ್ಪತ್ರೆಗಳಲ್ಲಿ ಮೊದಲೇ ಗೊತ್ತುಮಾಡಿದ್ದ ತಪಾಸಣೆಗಳು ಮುಂದಕ್ಕೆ ಹೋದವು. ಆ ದುಃಖಾಚರಣೆಗೆ ಸರ್ಕಾರಕ್ಕೆ ತಗುಲಿದ ಖರ್ಚು ಸುಮಾರು 16 ಕೋಟಿ 20 ಲಕ್ಷ ಪೌಂಡ್ ಎಂದು ಮರುವರ್ಷ ಸರ್ಕಾರವೇ ಹೇಳಿತು. ಆಕ್ಸ್‌ಫರ್ಡಿನಲ್ಲಿ ಹೊಸ ರಾಜನ ಹೆಸರು ಸಾರುತ್ತಿದ್ದಾಗ, ಚರ್ಚಿನಿಂದ ಮನೆಗೆ ಹೊರಟಿದ್ದ ಒಬ್ಬಾತ ಇವರನ್ನು ಆರಿಸಿದವರು ಯಾರು ಎಂದು ಕೂಗಿ ಕೇಳಿದ್ದಕ್ಕೆ ಕೈಗೆ ಕೋಳ ಬಿತ್ತು. ಆ ಬಂಧನ ಕಾನೂನಿಗೆ ವಿರುದ್ಧವಾಗಿತ್ತೆಂದು ಆಮೇಲೆ ಪೊಲೀಸರೇ ಒಪ್ಪಿ ಪರಿಹಾರ ಕೊಟ್ಟರು. ನಮ್ಮ ಸಮಿತಿ ಪೊಲೀಸರಿಗಿಂತ ಒಂದು ಹೆಜ್ಜೆ ಮುಂದೆ. ಹಾಡುವ ಮೊದಲೇ ಕೋಳ ತೊಡಿಸಿದೆ.

ಇದು ಬಿಳಿಯರ ಹುಚ್ಚು, ನಮ್ಮದಲ್ಲ ಎಂದು ಯಾರೂ ಬೀಗುವಂತಿಲ್ಲ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಏನಾಯಿತು? ಬಸ್ಸುಗಳನ್ನು ಸುಟ್ಟರು. ಅಂಗಡಿಗಳ ಮೇಲೆ, ಕಚೇರಿಗಳ ಮೇಲೆ ಕಲ್ಲು ಬಿತ್ತು. ಕರ್ತವ್ಯದ ಮೇಲಿದ್ದ ಪೊಲೀಸಿನವನೊಬ್ಬನನ್ನು ಬಡಿದು ಕೊಂದರು. ಗೋಲಿಬಾರಿನಲ್ಲಿ ಜನ ಸತ್ತರು. ಅಣ್ಣಾವ್ರ ಹಾಡು ಕೇಳಿಕೊಂಡೇ ಬೆಳೆದ ನಮಗೆ ಆ ಎರಡು ದಿನ ಫೋನಿನಲ್ಲಿ ಊರಿನ ಸುದ್ದಿ ಕೇಳಲು ನಾಚಿಕೆಯಾಗುತ್ತಿತ್ತು. ಅಷ್ಟು ಮೆತ್ತಗೆ ಮಾತನಾಡುತ್ತಿದ್ದ ಮನುಷ್ಯನ ಹೆಸರಿನಲ್ಲಿ ಕಲ್ಲು! ಅಳದವನ ಗಾಜು ಒಡೆಯುವವನಿಗೆ ಸತ್ತವರ ಮೇಲೆ ಪ್ರೀತಿಯಿತ್ತು ಎಂದು ನಾವು ನಂಬುವುದಿಲ್ಲ. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ 46ನೆಯ ವಯಸ್ಸಿಗೇ ಹೋದಾಗ ಅದೇ ಬೆಂಗಳೂರು, ಅದೇ ಕಂಠೀರವ, ಲಕ್ಷಾಂತರ ಜನ. ಅಮೆರಿಕದಿಂದ ಮಗಳು ಬರುವವರೆಗೆ ಎಲ್ಲರೂ ಕಾದರು. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆಮೇಲಿನ ದಿನಗಳಲ್ಲಿ ಸಾವಿರಾರು ಜನ ತಾವಾಗಿಯೇ ನೇತ್ರದಾನಕ್ಕೆ ಹೆಸರು ಬರೆಸಿದರು. ಹೆಸರು ಬರೆಸಿರೆಂದು ಯಾರೂ ಅವರ ಮನೆಯ ಗಾಜಿಗೆ ಕಲ್ಲು ಹೊಡೆದಿರಲಿಲ್ಲ.

ಇನ್ನು 'ಉಂಡ ಮನೆ'. ಸ್ವಾಮಿ, ಯಾರ ಮನೆ, ಯಾರ ಊಟ? ನಮ್ಮ ಡಾಕ್ಟರುಗಳು, ನರ್ಸುಗಳು ರಾತ್ರಿ ಪಾಳಿ ಮಾಡಿ ಗಳಿಸಿದ್ದು ಅರಮನೆಯ ದಾಸೋಹವಲ್ಲ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಳ್ಳುತ್ತಾರೆ, ಆ ತೆರಿಗೆಯಲ್ಲಿ ಮೇಲೆ ಹೇಳಿದ ಖರ್ಚೂ ಸೇರಿದೆ. ಲೆಕ್ಕ ಹಿಡಿದು ನೋಡಿದರೆ ಯಾರು ಯಾರ ಮನೆಯಲ್ಲಿ ಉಂಡರು ಎಂಬುದು ಅಷ್ಟು ಸರಳವಿಲ್ಲ. ಮೇಲಾಗಿ ಈ ಮಕ್ಕಳು ಎಲ್ಲಿಂದಲೋ ಬಂದವರಲ್ಲ, ಇಲ್ಲೇ ಹುಟ್ಟಿದವರು. ನೆಂಟರ ಹಾಗೆ ಹಜಾರದ ತುದಿಯಲ್ಲಿ ಮುದುರಿ ಕೂರು ಎಂದು ಅವರಿಗೆ ಹೇಳುವ ಹಕ್ಕು ನಮಗೆ ಯಾರು ಕೊಟ್ಟರು?

ರಾಜರ ಅನ್ನ ಉಂಡವರು ಹೇಗಿರಬೇಕು ಎಂಬ ಪಾಠ ಬೇಕಿದ್ದರೆ ದೂರ ಹೋಗಬೇಕಾಗಿಲ್ಲ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರಿನಿಂದ ಬಸವಣ್ಣನವರ ಪ್ರತಿಮೆ ಇದೆ. ರಾಣಿಯ ದರ್ಶನದ ಸಾಲು ಲ್ಯಾಂಬೆತ್ ಸೇತುವೆ ದಾಟುತ್ತಿದ್ದ ಜಾಗದಿಂದ ಅದು ಹೆಚ್ಚು ದೂರವೂ ಇಲ್ಲ. ಊರಿನಿಂದ ಯಾರು ಬಂದರೂ ಕರೆದುಕೊಂಡು ಹೋಗಿ ಫೋಟೋ ತೆಗೆಸುತ್ತೇವೆ. ಬಿಜ್ಜಳನ ಭಂಡಾರದ ಅಧಿಕಾರದಲ್ಲಿದ್ದುಕೊಂಡೇ ಬಿಜ್ಜಳನಿಗೆ ಒಪ್ಪದ್ದನ್ನು ಹೇಳಿದವರು, ಮಾಡಿದವರು ಅವರು. ಹೊಯ್ಸಳರ ಲೆಕ್ಕಪತ್ರ ಬರೆದುಕೊಂಡಿದ್ದ ಹರಿಹರ ಅದನ್ನು ಬಿಟ್ಟು ಹಂಪೆಗೆ ಹೋಗಿ, ನಾಳೆ ಸಾಯುವ ಮನುಷ್ಯರ ಮೇಲೆ ಕಾವ್ಯ ಕಟ್ಟುವುದಿಲ್ಲ ಎಂದು ಹಟ ಹಿಡಿದನೆಂದು ಐತಿಹ್ಯ. ಇವರ ಹೆಸರನ್ನು ರಾಜ್ಯೋತ್ಸವದ ಭಾಷಣದಲ್ಲಿ ವರ್ಷ ವರ್ಷವೂ ಹೇಳುತ್ತೇವೆ. ಹೇಳಿ ಮುಗಿಸಿ ಕೆಳಗಿಳಿದು, ಹುಡುಗರ ಗಿಟಾರಿನ ತಂತಿ ಕಿತ್ತಿಡುತ್ತೇವೆ.

ನಿಜವಾದ ಕಾರಣ ಸಭೆಯ ಕೊನೆಯಲ್ಲಿ, ಕಾಫಿ ಕುಡಿಯುವಾಗ ಹೊರಬಂತು. ಮುಖ್ಯ ಅತಿಥಿಯಾಗಿ ಮೇಯರ್ ಬರುತ್ತಾರೆ, ಕೊರಳಿಗೆ ಸರಪಳಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಮುಂದಿನ ವರ್ಷ ಸಭಾಂಗಣದ ಬಾಡಿಗೆಯಲ್ಲಿ ರಿಯಾಯಿತಿ ಸಿಗಬೇಕು. ಇಷ್ಟೇ. ಇದನ್ನು ಮೊದಲೇ ಹೇಳಿದ್ದರೆ ಬಾಡಿಗೆಯ ಹಣವನ್ನು ನಾವೇ ಚಂದಾ ಎತ್ತಿ ಕೊಡುತ್ತಿದ್ದೆವು. ಈಗಲೂ ಸಿದ್ಧ. ಅಂದಹಾಗೆ ಆ ಮೇಯರ್ ತಮ್ಮ ಯೌವನದಲ್ಲಿ ಇದೇ ಹಾಡಿಗೆ ಕುಣಿದಿರಲಿಕ್ಕೂ ಸಾಕು, ಅವರ ವಯಸ್ಸು ನೋಡಿದರೆ ಹಾಗೇ ಅನ್ನಿಸುತ್ತದೆ.

ಕಡೆಯದಾಗಿ ಒಂದು ವಿಷಯ, ಇದೇ ಪತ್ರಿಕೆಯ ಹಳೆಯ ಸಂಚಿಕೆಯಿಂದ. 2022ರ ಆಗಸ್ಟ್ 11ರಂದು, ರಾಣಿ ಸಾಯುವುದಕ್ಕೆ ಸರಿಯಾಗಿ ನಾಲ್ಕು ವಾರ ಮೊದಲು, ಶಿವಮೊಗ್ಗ ಸುಬ್ಬಣ್ಣನವರು ಬೆಂಗಳೂರಿನಲ್ಲಿ ತೀರಿಕೊಂಡರು. 83 ವರ್ಷ. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರು, ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗರು. ನಮ್ಮಲ್ಲಿ ಎಷ್ಟೋ ಜನ ಈ ದೇಶಕ್ಕೆ ಬರುವಾಗ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಪಕ್ಕದಲ್ಲಿ ಇಟ್ಟುಕೊಂಡು ಬಂದದ್ದು ಅವರ ಭಾವಗೀತೆಯ ಕ್ಯಾಸೆಟ್ಟು. ಮೊದಲ ಚಳಿಗಾಲದಲ್ಲಿ, ನಾಲ್ಕು ಗಂಟೆಗೇ ಕತ್ತಲಾಗುವ ಬಾಡಿಗೆ ಕೋಣೆಯಲ್ಲಿ, ಟೇಪು ಸವೆಯುವವರೆಗೆ ಕೇಳಿದ ಧ್ವನಿ ಅದು. ಆ ಶರತ್ಕಾಲದ ಸಂಚಿಕೆ ನಮ್ಮ ಹತ್ತಿರ ಇದೆ. ರಾಣಿಗೆ ಮುಖಪುಟದ ತುಂಬ ಚಿತ್ರ, ಸುತ್ತ ಬೆರಳು ದಪ್ಪದ ಕಪ್ಪು ಅಂಚು, ಅಧ್ಯಕ್ಷರ ಸಂತಾಪ ಇಂಗ್ಲಿಷಿನಲ್ಲಿ. ಸುಬ್ಬಣ್ಣನವರಿಗೆ ಕೊನೆಯ ಪುಟದಲ್ಲಿ, ಸೋನಾ ಮಸೂರಿ ಅಕ್ಕಿಯ ಜಾಹೀರಾತಿನ ಕೆಳಗೆ, ಎರಡು ಸಾಲು.

— ಕೆಲವು ಸದಸ್ಯರು