ಕೇಳದೆ ಸೇರಿಸಿಕೊಳ್ಳುವವರು

2014ರಲ್ಲಿ ಫೇಸ್‌ಬುಕ್ ಸುಮಾರು 1,900 ಕೋಟಿ ಡಾಲರಿಗೆ ವಾಟ್ಸಾಪನ್ನು ಕೊಳ್ಳಲು ಒಪ್ಪಿದಾಗ ಎಲ್ಲರೂ ಕಟ್ಟಿದವರ ಜಾಣತನವನ್ನು ಹೊಗಳಿದರು. ನಾನು ಹೇಳುತ್ತೇನೆ, ಅದು ಬೆಳೆದದ್ದು ನಮ್ಮ ನಿಮ್ಮ ಫೋನಿನಲ್ಲಿದ್ದ ನಂಬರುಗಳಿಂದ.

ಹೊಸಬರನ್ನು ಅದು ಬರಮಾಡಿಕೊಳ್ಳುವ ರೀತಿ ನೋಡಿ. ಮೊಬೈಲ್ ನಂಬರ್ ಕೊಟ್ಟು, ಬಂದ ಆರಂಕಿ ಒತ್ತಿದರೆ ಬಾಗಿಲು ತೆರೆಯಿತು. ಫೋನಿನ ನಂಬರುಗಳನ್ನು ನೋಡಲು ಒಪ್ಪಿಗೆ ಕೊಟ್ಟರೆ ಅಕ್ಕ, ಅತ್ತಿಗೆ, ಹಾಲಿನವನು ಸಾಲಾಗಿ ನಿಲ್ಲುತ್ತಾರೆ. ಇದು ಸುಲಭ, ಒಪ್ಪೋಣ. ಮಾಗಡಿಯ ಅಜ್ಜಿ ದೂರದ ಮೊಮ್ಮಗಳ ಮುಖ ನೋಡುವುದು ಸಣ್ಣ ಸುಖವಲ್ಲ.

ಆದರೆ ಗ್ರೂಪಿನ ಮಾತು ಬೇರೆ. ರಾಮನಗರದ ಒಂದು ಸೀರೆ ಅಂಗಡಿಯಲ್ಲಿ ಬಿಲ್ಲಿಗೆಂದು ನನ್ನ ನಂಬರ್ ಬರೆದುಕೊಂಡರು. ವಾರದೊಳಗೆ ಅವರ ಗ್ರೂಪಿನಲ್ಲಿ ನಾನಿದ್ದೆ. ಚನ್ನಪಟ್ಟಣ, ಕನಕಪುರದ ಗುರುತಿಲ್ಲದವರಿಗೆಲ್ಲ ನನ್ನ ನಂಬರ್ ಕಾಣುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಯಾರೋ 'ಹಾಯ್' ಎಂದರೆ ಮನೆಯಲ್ಲಿ ಉತ್ತರ ಹೇಳಬೇಕಾದವಳು ಯಾರು? ಹೆಣ್ಣೇ ತಾನೆ?

ನಮ್ಮನ್ನು ಗ್ರೂಪಿಗೆ ಯಾರು ಸೇರಿಸಬಹುದೆಂದು ನಾವೇ ತೀರ್ಮಾನಿಸುವ ಅವಕಾಶ ಬಂದದ್ದು 2019ರಲ್ಲಿ, ವಾಟ್ಸಾಪ್ ಹುಟ್ಟಿ ಹತ್ತು ವರ್ಷವಾದ ಮೇಲೆ. ಅದೂ ಸೆಟ್ಟಿಂಗ್ಸ್‌ನ ಒಳಗೆ ಅಡಗಿದೆ. ನಾವಾಗಿ ಬದಲಿಸುವ ತನಕ 'ಎಲ್ಲರೂ' ಸೇರಿಸಬಹುದು. ಸೇರಿದ ದಿನವೇ ಇದನ್ನು ಕೇಳಿದರೆ ಅವರಿಗೇನು ನಷ್ಟ? ಗ್ರೂಪುಗಳು ಅಷ್ಟು ಬೇಗ ತುಂಬುವುದಿಲ್ಲ, ಅಷ್ಟೇ.

ಅರಿಶಿನ ಕುಂಕುಮಕ್ಕೂ ನಾವು ಕರೆದು ಬರುತ್ತೇವೆ, ಯಾರನ್ನೂ ಎಳೆದು ತರುವುದಿಲ್ಲ. ಎಳೆದು ತಂದವರನ್ನೂ ಎಣಿಸಿ ಬೆಳವಣಿಗೆ ಎನ್ನುವುದು ಯಾವ ನ್ಯಾಯ? ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರಲ್ಲಿ ಗ್ರೂಪ್ಸ್ ತೆರೆದು ಇವತ್ತೇ ಬದಲಿಸಿ. ಪಕ್ಕದ ಮನೆಯವಳಿಗೂ ತೋರಿಸಿಕೊಡಿ.