ಬೀಗದ ಕೈ ಯಾರ ವಶದಲ್ಲಿರಬೇಕು?

ಕಾಲೇಜಿನ ಪ್ರಯೋಗಶಾಲೆಯ ಅಟೆಂಡರ ಸೊಂಟದಲ್ಲಿ ತೂಗಾಡುವ ಬೀಗದ ಕೈಗಳ ಗೊಂಚಲನ್ನು ವಾಚಕರು ಕಂಡೇ ಇರುತ್ತಾರೆ. ತಕ್ಕಡಿಗಳ ಬೀರುವಿಗೊಂದು, ಕತ್ತಲೆ ಕೋಣೆಗೊಂದು, ಉಗ್ರಾಣಕ್ಕೊಂದು, ಹೀಗೆ ಹತ್ತಾರು ಕೈಗಳು ಅಲ್ಲಿರುತ್ತವೆ. ಅವರು ನಿವೃತ್ತರಾಗುವ ದಿನ ಗೊಂಚಲನ್ನು ಮುಖ್ಯಸ್ಥರಿಗೆ ಒಪ್ಪಿಸಿ, ಪುಸ್ತಕದಲ್ಲಿ ರುಜು ಹಾಕಿ ಹೊರಡುತ್ತಾರೆ. ಆ ಕ್ಷಣದಿಂದ ಆ ಬಾಗಿಲುಗಳ ಮೇಲೆ ಅವರಿಗೆ ಅಧಿಕಾರವಿಲ್ಲ. ಈ ಏರ್ಪಾಡು ಎಷ್ಟು ಸರಳವೋ ಅಷ್ಟೇ ಗಟ್ಟಿಯಾದುದು; ಏಕೆಂದರೆ ಬೀಗದ ಕೈ ಕಣ್ಣಿಗೆ ಕಾಣುವ ವಸ್ತು. ಅದು ಯಾರ ಬಳಿಯಿದೆ, ಯಾವಾಗ ಮರಳಿ ಬಂದಿತು ಎಂಬುದನ್ನು ಯಾರು ಬೇಕಾದರೂ ನೋಡಿ ಹೇಳಬಹುದು.

ಇಂದಿನ ಕಚೇರಿಯ ಬೀಗದ ಕೈಗಳಾದರೋ ಕಣ್ಣಿಗೆ ಕಾಣುವಂಥವಲ್ಲ. ಒಬ್ಬರು ಕೆಲಸಕ್ಕೆ ಸೇರಿದೊಡನೆ ಅವರ ಹೆಸರಿನಲ್ಲಿ ಇ-ಮೇಲಿನ ಖಾತೆಯೊಂದನ್ನು ತೆರೆಯಬೇಕು. ಸಂಬಳ ರಜೆಗಳ ಲೆಕ್ಕಕ್ಕೆ ಇನ್ನೊಂದು, ಕಡತಗಳ ಭಂಡಾರಕ್ಕೆ ಮತ್ತೊಂದು, ಲ್ಯಾಪ್‌ಟಾಪಿಗೆ ಮಗುದೊಂದು. ಒಂದೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡ್. ೫೦೦ ಮಂದಿಯ ಸಂಸ್ಥೆಯಲ್ಲಿ ತಲೆಗೆ ೧೦ ಖಾತೆಗಳೆಂದು ಹಿಡಿದರೂ ೫,೦೦೦ ಬೀಗಗಳಾದುವು. ಒಬ್ಬರು ಕೆಲಸ ಬಿಟ್ಟಾಗ ಅವರ ಹತ್ತು ಬೀಗಗಳನ್ನೂ ಹುಡುಕಿ ಮುಚ್ಚಬೇಕು. ಹತ್ತರಲ್ಲಿ ಒಂದು ಮರೆತುಹೋದರೆ ನೆನಪಿಸುವವರಾರು? ನಾವು ಬಲ್ಲ ಒಂದು ವಿದ್ಯಾಸಂಸ್ಥೆಯಲ್ಲಿ, ಬಿಟ್ಟುಹೋಗಿ ಎರಡು ವರ್ಷಗಳಾಗಿದ್ದ ಅತಿಥಿ ಉಪನ್ಯಾಸಕರೊಬ್ಬರ ಹಳೆಯ ಪಾಸ್‌ವರ್ಡಿಗೆ ವಿದ್ಯಾರ್ಥಿಗಳ ಅಂಕಪಟ್ಟಿ ಇನ್ನೂ ತೆರೆದುಕೊಳ್ಳುತ್ತಿತ್ತು. ಅವರು ಸಜ್ಜನರಾದುದರಿಂದ ತಾವಾಗಿಯೇ ತಿಳಿಸಿದರು. ಎಲ್ಲ ಸಂಸ್ಥೆಗಳಿಗೂ ಈ ಭಾಗ್ಯವಿರುವುದಿಲ್ಲ.

ಈ ತೊಡಕಿಗೆ ಪರಿಹಾರವಾಗಿ ಬಂದುದು ಡೈರೆಕ್ಟರಿ ಎಂಬ ಏರ್ಪಾಡು. ಟೆಲಿಫೋನ್ ಡೈರೆಕ್ಟರಿಯಲ್ಲಿ ಹೆಸರಿನ ಮುಂದೆ ಸಂಖ್ಯೆಯಿರುವಂತೆ, ಇದರಲ್ಲಿ ಸಂಸ್ಥೆಯ ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ವಿಭಾಗ, ಅವರಿಗಿರುವ ಅಧಿಕಾರ, ಅವರ ವಶದಲ್ಲಿರುವ ಯಂತ್ರ ಎಲ್ಲವೂ ದಾಖಲಾಗಿರುತ್ತವೆ. ಇಂಥ ಪಟ್ಟಿಗಳನ್ನು ಹೇಗೆ ಜೋಡಿಸಬೇಕೆಂಬುದಕ್ಕೆ ಎಕ್ಸ್.೫೦೦ ಎಂಬ ಅಂತರರಾಷ್ಟ್ರೀಯ ನಿಯಮಾವಳಿ ೧೯೮೮ರಲ್ಲಿ ಹೊರಟಿತು. ಅದು ಸಾಮಾನ್ಯ ಯಂತ್ರಗಳಿಗೆ ಭಾರವಾದುದೆಂದು ಕಂಡು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಟಿಮ್ ಹೌಸ್ ಮೊದಲಾದವರು ಎಲ್‌ಡ್ಯಾಪ್ ಎಂಬ ಹಗುರವಾದ ವಿಧಾನವನ್ನು ರೂಪಿಸಿ ೧೯೯೩ರಲ್ಲಿ ಪ್ರಕಟಿಸಿದರು. ೨೦೦೦ದಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಆಕ್ಟಿವ್ ಡೈರೆಕ್ಟರಿ ಬಂದಿತು. ಇವೆಲ್ಲ ಸಂಸ್ಥೆಯ ಸ್ವಂತ ಕಟ್ಟಡದ ಯಂತ್ರಗಳಲ್ಲಿ ನೆಲೆಸಿದಂಥವು. ಈಗ ಆ ಪಟ್ಟಿ ಕ್ಲೌಡಿಗೆ ಏರಿದೆ. ಮೋಡವೆಂಬ ಹೆಸರಿದ್ದರೂ ಅದು ಆಕಾಶದಲ್ಲಿಲ್ಲ. ಬೇರೊಂದು ಕಂಪನಿಯ ಕಟ್ಟಡಗಳಲ್ಲಿ ಸಾಲುಗಟ್ಟಿ ನಿಂತ ಗಣಕಯಂತ್ರಗಳಲ್ಲಿದೆ. ಮೈಕ್ರೋಸಾಫ್ಟಿನ ಎಂಟ್ರಾ ಐಡಿ, ಓಕ್ಟಾ, ಜಂಪ್‌ಕ್ಲೌಡ್ ಮೊದಲಾದವು ಹೀಗೆ ಬಾಡಿಗೆಗೆ ದೊರೆಯುವ ಡೈರೆಕ್ಟರಿಗಳು.

ಇದು ಕೆಲಸ ಮಾಡುವ ಬಗೆ ವಿಜ್ಞಾನದ ವಿದ್ಯಾರ್ಥಿಗಳಿಗೆ ರುಚಿಸತಕ್ಕದ್ದು. ನೌಕರರು ಬೆಳಗ್ಗೆ ಒಮ್ಮೆ ತಮ್ಮ ಪಾಸ್‌ವರ್ಡನ್ನೂ, ಅದರೊಡನೆ ಫೋನಿನಲ್ಲಿ ಮೂಡುವ ಸಂಖ್ಯೆಯಂಥ ಇನ್ನೊಂದು ಗುರುತನ್ನೂ ಡೈರೆಕ್ಟರಿಗೆ ತೋರಿಸುತ್ತಾರೆ. ಡೈರೆಕ್ಟರಿ ಅವರಿಗೊಂದು ಚೀಟಿಯನ್ನು ಕೊಡುತ್ತದೆ. ಅದರಲ್ಲಿ ಅವರ ಹೆಸರು, ಅಧಿಕಾರ, ಚೀಟಿಯ ಅವಧಿ ಇಷ್ಟೂ ಇರುತ್ತವೆ. ಇ-ಮೇಲಾಗಲಿ ಕಡತಗಳ ಭಂಡಾರವಾಗಲಿ ಮತ್ತೆ ಪಾಸ್‌ವರ್ಡನ್ನು ಕೇಳುವುದಿಲ್ಲ. ಚೀಟಿಯ ಮೇಲಣ ರುಜುವನ್ನು ಪರೀಕ್ಷಿಸಿ ಒಳಗೆ ಬಿಡುತ್ತದೆ. ಆ ರುಜು ಶಾಯಿಯದಲ್ಲ, ಗಣಿತದ್ದು. ೧೦೧ನ್ನು ೧೦೩ರಿಂದ ಗುಣಿಸಿ ೧೦,೪೦೩ ಎನ್ನುವುದು ಸುಲಭ. ೧೦,೪೦೩ರ ಅಪವರ್ತನಗಳಾವುವು ಎಂದು ಕೇಳಿದರೆ ಕಾಗದ ಪೆನ್ಸಿಲುಗಳನ್ನು ಹುಡುಕಬೇಕಾಗುತ್ತದೆ. ನೂರಾರು ಅಂಕಿಗಳುಳ್ಳ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ, ಗುಣಲಬ್ಧದಿಂದ ಹಿಂದಿರುಗುವ ಹಾದಿ ಇಂದಿನ ಯಂತ್ರಗಳಿಗೂ ಎಟುಕದು. ಇಂಥ ಏಕಮುಖವಾದ ಲೆಕ್ಕಗಳ ಬಲದಿಂದಲೇ ರುಜು ಹಾಕುವ ಗುಪ್ತ ಸಂಖ್ಯೆ ಡೈರೆಕ್ಟರಿಯ ಬಳಿ ಮಾತ್ರ ಉಳಿದು, ರುಜುವನ್ನು ಪರೀಕ್ಷಿಸುವ ಸಂಖ್ಯೆ ಎಲ್ಲರಿಗೂ ದೊರೆಯುವಂತೆ ಮಾಡಲು ಸಾಧ್ಯವಾಗಿದೆ.

ಜನರಂತೆ ಯಂತ್ರಗಳೂ ಈ ಪಟ್ಟಿಯಲ್ಲಿ ಸೇರುತ್ತವೆ. ಲ್ಯಾಪ್‌ಟಾಪಿನೊಳಗಿನ ಬರಹವೆಲ್ಲ ಗೂಢಲಿಪಿಯಲ್ಲಿರಬೇಕು, ಇಷ್ಟು ನಿಮಿಷ ಮುಟ್ಟದಿದ್ದರೆ ತೆರೆ ಮುಚ್ಚಬೇಕು, ತಂತ್ರಾಂಶದ ಹೊಸ ತಿದ್ದುಪಡಿಗಳು ತಪ್ಪದೆ ಸೇರಬೇಕು ಎಂದು ಆಡಳಿತಗಾರರು ಒಮ್ಮೆ ಬರೆದರೆ ಎಲ್ಲ ಯಂತ್ರಗಳೂ ಅದನ್ನು ಪಾಲಿಸುತ್ತವೆ. ರೈಲಿನಲ್ಲಿ ಕಳೆದುಹೋದ ಲ್ಯಾಪ್‌ಟಾಪು ಮತ್ತೆ ಇಂಟರ್‌ನೆಟ್ಟಿಗೆ ತಗುಲಿದೊಡನೆ ಅದರಲ್ಲಿರುವುದನ್ನೆಲ್ಲ ದೂರದಿಂದಲೇ ಅಳಿಸಬಹುದು.

ಇದರ ಪ್ರಯೋಜನ ಎಷ್ಟೆಂಬುದು, ಇಂಥ ಶಿಸ್ತು ತಪ್ಪಿದ ಒಂದು ಸಂದರ್ಭವನ್ನು ನೋಡಿದರೆ ತಿಳಿಯುತ್ತದೆ. ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ ಟೆಕ್ಸಾಸಿನಿಂದ ನ್ಯೂಯಾರ್ಕಿನ ಕಡೆಗೆ ಸುಮಾರು ೮,೮೫೦ ಕಿಲೋಮೀಟರು ಉದ್ದದ ಕೊಳವೆಗಳಲ್ಲಿ ಪೆಟ್ರೋಲು ಡೀಸೆಲುಗಳನ್ನು ಸಾಗಿಸುತ್ತದೆ. ೨೦೨೧ರ ಮೇ ೭ರಂದು ಆ ಹರಿವು ನಿಂತಿತು. ಬಳಕೆ ತಪ್ಪಿದ್ದರೂ ಮುಚ್ಚದೆ ಉಳಿದಿದ್ದ ಹಳೆಯ ಖಾತೆಯೊಂದರ ಪಾಸ್‌ವರ್ಡನ್ನು ಪಡೆದವರು ದೂರದಿಂದ ಒಳನುಗ್ಗಿ, ಕಂಪನಿಯ ಗಣಕಯಂತ್ರಗಳನ್ನು ಒತ್ತೆಯಿಟ್ಟುಕೊಂಡಿದ್ದರು. ಆ ಬಾಗಿಲಿಗೆ ಪಾಸ್‌ವರ್ಡಿನ ಹೊರತು ಎರಡನೆಯ ಗುರುತನ್ನು ಕೇಳುವ ಕಾವಲಿರಲಿಲ್ಲ. ಕಂಪನಿ ಸುಮಾರು ೪೪ ಲಕ್ಷ ಡಾಲರುಗಳನ್ನು ತೆತ್ತಿತು. ಅದರಲ್ಲಿ ಒಂದು ಭಾಗವನ್ನು ಸರಕಾರ ಅನಂತರ ವಶಪಡಿಸಿಕೊಂಡಿತು. ಐದು ದಿನಗಳ ತರುವಾಯ ಕೊಳವೆ ಮತ್ತೆ ತೆರೆಯುವಷ್ಟರಲ್ಲಿ ಅನೇಕ ಊರುಗಳ ಬಂಕುಗಳು ಬರಿದಾಗಿದ್ದುವು. ಎಲ್ಲ ಖಾತೆಗಳೂ ಒಂದೇ ಪಟ್ಟಿಯಲ್ಲಿದ್ದು, ಬೇಡವಾದುದನ್ನು ಅಂದೇ ಹೊಡೆದುಹಾಕುವ ಪದ್ಧತಿಯಿದ್ದರೆ ಆ ಬಾಗಿಲು ತೆರೆದಿರುತ್ತಿರಲಿಲ್ಲ.

ಇಷ್ಟನ್ನು ಓದಿದವರು, ಹಾಗಾದರೆ ಪಟ್ಟಿಯನ್ನು ಕ್ಲೌಡಿಗೆ ಒಪ್ಪಿಸಿ ನಿಶ್ಚಿಂತರಾಗಬಹುದಲ್ಲ ಎನ್ನಬಹುದು. ನಮ್ಮ ಭಿನ್ನಾಭಿಪ್ರಾಯವಿರುವುದು ಆ ನಿಶ್ಚಿಂತೆಯೊಡನೆಯೇ. ಎಲ್ಲ ಬೀಗಗಳಿಗೂ ಒಂದೇ ಕೈಯಾದರೆ, ಆ ಒಂದು ಕೈ ಕಳೆದಾಗ ಎಲ್ಲವೂ ಕಳೆಯುತ್ತದೆ.

ಡೆನ್ಮಾರ್ಕಿನ ಹಡಗು ಕಂಪನಿ ಮಾರ್ಸ್ಕ್ ಇದನ್ನು ೨೦೧೭ರ ಜೂನ್ ೨೭ರಂದು ಅನುಭವಿಸಿತು. ನಾಟ್‌ಪೆಟ್ಯ ಎಂಬ ಹಾನಿಕಾರಕ ತಂತ್ರಾಂಶ ಅದರ ಯಂತ್ರಗಳಲ್ಲಿ ಹರಡಿ, ಡೈರೆಕ್ಟರಿಯನ್ನು ಹೊತ್ತ ಸುಮಾರು ೧೫೦ ಯಂತ್ರಗಳನ್ನೂ ಅಳಿಸಿತು. ಅವು ಒಂದರ ಪ್ರತಿಯನ್ನು ಇನ್ನೊಂದು ಇಟ್ಟುಕೊಳ್ಳುವಂತೆ ಏರ್ಪಡಿಸಿದ್ದರು. ಎಲ್ಲವೂ ಒಟ್ಟಿಗೆ ನಾಶವಾಗಬಹುದೆಂದು ಯಾರೂ ಎಣಿಸಿರಲಿಲ್ಲ. ಕೊನೆಗೆ ಉಳಿದುದು ಒಂದೇ ಒಂದು, ಅದೂ ಆಫ್ರಿಕದ ಘಾನಾ ದೇಶದ ಕಚೇರಿಯಲ್ಲಿ. ದಾಳಿಯ ವೇಳೆಗೆ ಅಲ್ಲಿ ಕರೆಂಟು ಹೋಗಿ ಆ ಯಂತ್ರ ಜಾಲದಿಂದ ಬೇರ್ಪಟ್ಟಿತ್ತು! ಅದರಲ್ಲಿದ್ದ ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ ವಿಮಾನದಲ್ಲಿ ಇಂಗ್ಲೆಂಡಿಗೆ ತಂದರು. ಹತ್ತು ದಿನಗಳಲ್ಲಿ ೪೫,೦೦೦ ಗಣಕಯಂತ್ರಗಳನ್ನೂ ೪,೦೦೦ ಸರ್ವರುಗಳನ್ನೂ ಹೊಸದಾಗಿ ಸಜ್ಜುಗೊಳಿಸಬೇಕಾಯಿತು. ಅಷ್ಟು ದೊಡ್ಡ ಕಂಪನಿಯನ್ನು ಉಳಿಸಿದುದು ಯೋಜನೆಯಲ್ಲ, ವಿದ್ಯುತ್ತಿನ ಅಭಾವ.

ಅದು ಸ್ವಂತ ಕಟ್ಟಡದ ಡೈರೆಕ್ಟರಿಯ ಮಾತಾಯಿತು. ಕ್ಲೌಡಿನಲ್ಲಿ ನಿಪುಣರ ಕಾವಲಿರುತ್ತದೆಯಲ್ಲ ಎಂದು ಕೇಳಬಹುದು. ೨೦೨೩ರ ಸಂಗತಿ ಅದಕ್ಕೆ ಉತ್ತರವಾಗಿದೆ. ಚೀನಾದೊಡನೆ ಸಂಬಂಧವುಳ್ಳದ್ದೆಂದು ಹೇಳಲಾದ ಒಂದು ತಂಡ, ಮೈಕ್ರೋಸಾಫ್ಟ್ ೨೦೧೬ರಲ್ಲಿ ಮಾಡಿಕೊಂಡಿದ್ದ ರುಜುವಿನ ಗುಪ್ತ ಸಂಖ್ಯೆಯೊಂದನ್ನು ಪಡೆಯಿತು. ಮೇಲೆ ಹೇಳಿದ ಚೀಟಿಗಳನ್ನು ಅದರಿಂದ ತಾನೇ ಬರೆದುಕೊಂಡು, ಅಮೆರಿಕದ ವಿದೇಶಾಂಗ ಇಲಾಖೆಯೂ ಸೇರಿದಂತೆ ಹಲವು ಸಂಸ್ಥೆಗಳ ಇ-ಮೇಲನ್ನು ಓದಿತು. ಯಾರ ಪಾಸ್‌ವರ್ಡನ್ನೂ ಅವರು ಕದಿಯಬೇಕಾಗಿರಲಿಲ್ಲ. ೨೦೨೪ರಲ್ಲಿ ವರದಿ ಕೊಟ್ಟ ಅಮೆರಿಕದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಲಿ, ಇದು ತಪ್ಪಿಸಬಹುದಾಗಿದ್ದ ಅನಾಹುತವೆಂದು ತೀರ್ಮಾನಿಸಿತು. ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಕಳ್ಳತನವನ್ನು ಮೊದಲು ಕಂಡವರು ಕ್ಲೌಡಿನ ಒಡೆಯರಲ್ಲ, ಬಾಡಿಗೆದಾರರಾದ ವಿದೇಶಾಂಗ ಇಲಾಖೆಯವರು. ಯಾವ ಅಂಚೆಯನ್ನು ಯಾವಾಗ ತೆರೆಯಲಾಯಿತು ಎಂಬ ದಿನಚರಿಯನ್ನು ಹೆಚ್ಚಿನ ಹಣ ತೆತ್ತು ತರಿಸಿಕೊಂಡು ತಾವೇ ಓದುತ್ತಿದ್ದುದರಿಂದ ಅವರಿಗೆ ಅದು ಕಂಡಿತು.

ಹಾಗಾದರೆ ಹಳೆಯ ಗೊಂಚಲಿಗೇ ಮರಳೋಣವೆ? ಖಂಡಿತ ಕೂಡದು. ಐದು ಸಾವಿರ ಬೀಗಗಳನ್ನು ಕೈಯಿಂದ ಕಾಯುವುದು ಸಾಧ್ಯವಿಲ್ಲವೆಂಬುದನ್ನು ಆಗಲೇ ಕಂಡಿದ್ದೇವೆ. ಸಣ್ಣ ಸಂಸ್ಥೆಗೆ ಕ್ಲೌಡಿನ ಡೈರೆಕ್ಟರಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಆದರೆ ಪಟ್ಟಿಯನ್ನು ಬಾಡಿಗೆಯ ಮನೆಯಲ್ಲಿಡಬಹುದೇ ಹೊರತು ಹೊಣೆಯನ್ನು ಬಾಡಿಗೆಗೆ ಕೊಡಲು ಬರುವುದಿಲ್ಲ. ಯಾರು ಸೇರಿದರು, ಯಾರು ಬಿಟ್ಟರು ಎಂಬುದು ದೂರದ ಕಂಪನಿಗೆ ತಾನಾಗಿ ತಿಳಿಯುವ ವಿಷಯವಲ್ಲ. ಅದನ್ನು ಹೇಳಬೇಕಾದವರು ಸಂಸ್ಥೆಯವರೇ. ಬಿಡುಗಡೆಯ ಪತ್ರ ಕೈಸೇರುವ ದಿನವೇ ಹೆಸರು ಪಟ್ಟಿಯಿಂದ ಹೋಗಬೇಕು. ಎಲ್ಲವನ್ನೂ ಬದಲಿಸಬಲ್ಲ ಆಡಳಿತಗಾರರು ಇಬ್ಬರೋ ಮೂವರೋ ಇರಬೇಕು. ಒಬ್ಬರೇ ಇರಬಾರದು, ಹತ್ತು ಮಂದಿಯೂ ಇರಬಾರದು. ಅವರು ಮಾಡಿದ ಬದಲಾವಣೆಗಳ ದಿನಚರಿಯನ್ನು ಮೂರನೆಯವರು ಓದಬೇಕು. ಡೈರೆಕ್ಟರಿಯೇ ಕೆಟ್ಟ ದಿನಕ್ಕಾಗಿ ಪಟ್ಟಿಯ ಪ್ರತಿಯೊಂದನ್ನು ಜಾಲದಿಂದ ದೂರವಿಟ್ಟು, ತುರ್ತಿನ ಖಾತೆಯೊಂದರ ಪಾಸ್‌ವರ್ಡನ್ನು ಮುದ್ರೆಯೊತ್ತಿದ ಲಕೋಟೆಯಲ್ಲಿ ತಿಜೋರಿಯೊಳಗೆ ಇರಿಸಬೇಕು. ಇವಾವುವಕ್ಕೂ ದೊಡ್ಡ ವೆಚ್ಚವಿಲ್ಲ. ಆದರೂ ಅನೇಕ ಕಡೆ ಈ ಕೆಲಸ “ಕಂಪ್ಯೂಟರ್ ಬಲ್ಲವ”ನೆಂಬ ಒಬ್ಬ ಕಿರಿಯ ನೌಕರನ ಪಾಲಿಗೆ, ಅವನ ಉಳಿದ ಕೆಲಸಗಳ ಮೇಲೆ ಇನ್ನೊಂದಾಗಿ ಬೀಳುತ್ತದೆ. ಕೈ ಕೆಳಗಿನವರಿಗೆ ಹೊರೆಯನ್ನು ಹೊರಿಸಿ ಮೇಲಿನವರು ಮರೆಯುವ ಈ ರೂಢಿಯೇ ಯಾವ ಹಾನಿಕಾರಕ ತಂತ್ರಾಂಶಕ್ಕಿಂತಲೂ ಹೆಚ್ಚು ಅಪಾಯಕರವೆಂದು ನಾವು ತಿಳಿಯುತ್ತೇವೆ.

ಇನ್ನೊಂದು ಮಾತು ನೌಕರರ ಕಡೆಯದು. ಕೆಲಸಕ್ಕೆ ಸೇರಿದವರ ಸ್ವಂತ ಫೋನನ್ನೂ ಡೈರೆಕ್ಟರಿಗೆ ಸೇರಿಸುವ ವಾಡಿಕೆಯಿದೆ. ಅದರಲ್ಲಿ ಬಗೆಗಳುಂಟು. ಆಂಡ್ರಾಯ್ಡ್ ಫೋನುಗಳಲ್ಲಿ ೨೦೧೪ರಿಂದ ಬಂದಿರುವ ಏರ್ಪಾಡಿನಂತೆ ಕಚೇರಿಯ ಭಾಗವನ್ನು ಬೇರೆಯಾಗಿ ಗೋಡೆಕಟ್ಟಿ ಇಡಬಹುದು. ಆಗ ಸಂಸ್ಥೆಯವರು ಆ ಭಾಗವನ್ನು ಮಾತ್ರ ಅಳಿಸಬಲ್ಲರು, ಮನೆಯವರ ಚಿತ್ರಗಳು ಅವರಿಗೆ ಕಾಣುವುದಿಲ್ಲ. ಇಡೀ ಫೋನನ್ನೇ ಸಂಸ್ಥೆಯ ಆಡಳಿತಕ್ಕೆ ಒಳಪಡಿಸಿದರೆ ಒಂದು ಆಜ್ಞೆಯಿಂದ ಎಲ್ಲವೂ ಅಳಿದುಹೋಗಬಹುದು. ಎರಡಕ್ಕೂ ಅಜಗಜಾಂತರ. ನಮ್ಮ ಸಂಸತ್ತು ೨೦೨೩ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ನೌಕರಿಯ ಉದ್ದೇಶಗಳಿಗಾಗಿ, ಮತ್ತು ಮಾಲೀಕರನ್ನು ನಷ್ಟದಿಂದ ಕಾಪಾಡುವುದಕ್ಕಾಗಿ, ನೌಕರರ ಮಾಹಿತಿಯನ್ನು ಅವರ ಸಮ್ಮತಿಯಿಲ್ಲದೆಯೂ ಬಳಸಲು ಎಡೆಕೊಟ್ಟಿದೆ. ಆದುದರಿಂದ ಕಾಯಿದೆಯೊಂದನ್ನೇ ನಂಬಿ ಕುಳಿತರೆ ಸಾಲದು. ತಾನು ಏನನ್ನು ನೋಡಬಲ್ಲೆ, ಏನನ್ನು ಅಳಿಸಬಲ್ಲೆ ಎಂಬುದನ್ನು ಪ್ರತಿಯೊಂದು ಸಂಸ್ಥೆಯೂ ಒಂದು ಪುಟದಲ್ಲಿ, ನೌಕರರು ಬಲ್ಲ ಭಾಷೆಯಲ್ಲಿ, ಮೊದಲ ದಿನವೇ ಬರೆದುಕೊಡಬೇಕು.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಹಲವರು ಇನ್ನು ಕೆಲವು ವರ್ಷಗಳಲ್ಲಿ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಒಂದು ಕಚೇರಿಯ ಮೆಟ್ಟಿಲೇರುತ್ತಾರೆ. ಅಂದು ಫೋನನ್ನು ಒಪ್ಪಿಸುವ ಮೊದಲು, ಇದರಲ್ಲಿ ನಿಮ್ಮ ಅಧಿಕಾರ ಎಲ್ಲಿಯವರೆಗೆ ಎಂದು ವಿನಯದಿಂದ ಕೇಳಲಿ. ಕೇಳುವುದು ಅವಿಧೇಯತೆಯಲ್ಲ. ಅವರಲ್ಲಿ ಕೆಲವರು ಡೈರೆಕ್ಟರಿಯನ್ನು ನೋಡಿಕೊಳ್ಳುವ ಕಿರಿಯ ನೌಕರರೇ ಆಗಬಹುದು. ಅವರು ತಮ್ಮ ಕಾಲೇಜಿನ ಅಟೆಂಡರನ್ನು ನೆನೆಯಲಿ. ಯಾವ ಬೀರುವಿನ ಕೈ ಎಲ್ಲಿದೆ ಎಂದು ಕೇಳಿದರೆ ಅವರು ತಟ್ಟನೆ ಉತ್ತರ ಹೇಳುತ್ತಿದ್ದರು. ತಾವು ಹೋಗುವಾಗ ಅದನ್ನು ಎಣಿಸಿ ಒಪ್ಪಿಸುತ್ತಿದ್ದರು. ಆ ಎಚ್ಚರವನ್ನು ಯಾವ ಮೋಡವೂ ನಮ್ಮ ಪರವಾಗಿ ಇಟ್ಟುಕೊಳ್ಳಲಾರದು.